ಎಡಗೈಗೆ ಕೆಲಸ ಸಿಕ್ಕ ರಾತ್ರಿ

ನಮ್ಮ ಕಡೆ ಕೀಬೋರ್ಡ್ ನುಡಿಸುವವನನ್ನು ಯಾರೂ ಸಂಗೀತಗಾರ ಅನ್ನುವುದಿಲ್ಲ. "ಬಟನ್ ಒತ್ತಿದ್ರೆ ಅದೇ ನುಡಿಯುತ್ತೆ ಅಲ್ವಾ?" ಅಂತಾರೆ. ಹನ್ನೆರಡು ವರ್ಷದಿಂದ ರಸಮಂಜರಿ ತಂಡದಲ್ಲಿದ್ದೇನೆ. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ ಅಂತ ಎಲ್ಲ ಕಡೆ ಈ ಮಾತು ಕೇಳಿದ್ದೇನೆ. ಎದುರು ಮಾತಾಡಲು ಆಗುವುದಿಲ್ಲ, ಯಾಕಂದ್ರೆ ಅದು ಅರ್ಧ ನಿಜ. ಎಡಗೈಯಲ್ಲಿ ಒಂದು ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ, ಹಿಡಿದರೆ ಸಾಕು, ತಬಲ, ಬೇಸು, ಗಿಟಾರು ಎಲ್ಲ ತಾನೇ ಹೊರಡುತ್ತದೆ. ಹಾಡುಗಾರನಿಗೆ ಶೀತವಾಗಿದ್ದರೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಕೆಳಕ್ಕೆ. ಮುಗೀತು.

ನನಗೆ ಈ ವಾದ್ಯದ ಬಗ್ಗೆ ಸ್ವಲ್ಪ ಮರ್ಯಾದೆ ಹುಟ್ಟಿದ್ದು ಯಾನ್ ಹ್ಯಾಮರ್ ಅನ್ನುವ ಕೀಬೋರ್ಡ್ ವಾದಕರಿಂದ. ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಒಂದಷ್ಟು ಹಳೇ ರೆಕಾರ್ಡಿಂಗ್ ತಂದಿದ್ದ. ಅದರಲ್ಲಿ ಎರಡು ಗಿಟಾರುಗಳು ಜಗಳ ಆಡುತ್ತಿವೆ ಅಂದುಕೊಂಡು ಕೇಳಿದೆ. "ಅದರಲ್ಲಿ ಒಂದು ಕೀಬೋರ್ಡು ಮಾರಾಯ" ಅಂದ. ನಾನು ಒಪ್ಪಲೇ ಇಲ್ಲ, ಕಾಫಿ ಆರುವವರೆಗೆ ವಾದ ಮಾಡಿದೆ. ಆಮೇಲೆ ಹುಡುಕಿ ಓದಿದಾಗ ಅದು ಹ್ಯಾಮರ್ ನುಡಿಸಿದ ಕೀಬೋರ್ಡೇ, ಸೋತಿದ್ದು ನಾನೇ ಅಂತ ಗೊತ್ತಾಯಿತು.

ಈ ಮನುಷ್ಯ 1948ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು. ತಾಯಿ ಜಾಝ್ ಹಾಡುಗಾರ್ತಿ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಊರಿಗೆ ನುಗ್ಗಿದ ಮೇಲೆ ದೇಶ ಬಿಟ್ಟು ಅಮೆರಿಕಕ್ಕೆ ಹೋದರು, ಬಾಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದಿದರು, ಸಾರಾ ವಾನ್ ಹಾಡುವಾಗ ಪಿಯಾನೋ ನುಡಿಸಿದರು. 1971ರಲ್ಲಿ ಗಿಟಾರಿಸ್ಟ್ ಜಾನ್ ಮೆಕ್‌ಲಾಗ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾ ಸೇರಿದರು. (ಇದೇ ಮೆಕ್‌ಲಾಗ್ಲಿನ್ ಆಮೇಲೆ ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡದಲ್ಲಿ ನುಡಿಸಿದ್ದು.) ಮುಂದೆ ಗಿಟಾರಿಸ್ಟ್ ಜೆಫ್ ಬೆಕ್ ಜೊತೆ ರಾಕ್. 1984ರಿಂದ ಒಂದು ಅಮೆರಿಕನ್ ಪೊಲೀಸ್ ಧಾರಾವಾಹಿಗೆ ಮನೆಯ ಸ್ಟುಡಿಯೋದಲ್ಲೇ ಕೂತು ಕಂತು ಕಂತಿಗೂ ಹೊಸ ಸಂಗೀತ. ಅದರ ಶೀರ್ಷಿಕೆ ಟ್ಯೂನ್ 1985ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು, ಅದೂ ಒಂದು ಸಾಲು ಹಾಡಿಲ್ಲದೆ. ನಮ್ಮ ತಂಡಕ್ಕೆ ತಿಂಗಳಿಗೆ ಒಂದು ಹೊಸ ಹಾಡು ಕಲಿಸುವಷ್ಟರಲ್ಲಿ ನನಗೆ ಸಾಕಾಗುತ್ತೆ.

ನನ್ನನ್ನು ಹಿಡಿದಿದ್ದು ಅವರ ಎಡಗೈ. ಅವರು ನುಡಿಸುತ್ತಿದ್ದ ಮಿನಿಮೂಗ್ ಅನ್ನುವ ಸಿಂಥಸೈಜರ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತದೆ, ಕಾರ್ಡ್ ಹಿಡಿಯಲು ಆಗುವುದೇ ಇಲ್ಲ. ಹಾಗಾಗಿ ಎಡಗೈ ಪಕ್ಕದಲ್ಲಿರುವ ಪಿಚ್ ಚಕ್ರದ ಮೇಲೆ. ಬಲಗೈ ಸ್ವರ ಒತ್ತಿದರೆ ಎಡಗೈ ಅದನ್ನು ಎಳೆದು, ಜಾರಿಸಿ, ನಡುಗಿಸಿ ಬಿಡುತ್ತದೆ. ಗಿಟಾರಿನ ತಂತಿ ಎಳೆದ ಹಾಗೆ. ನನ್ನ ಯಮಹಾದಲ್ಲೂ ಆ ಚಕ್ರ ಇದೆ. ಹನ್ನೆರಡು ವರ್ಷ ಅದರ ಮೇಲೆ ನಾನು ಇಟ್ಟಿದ್ದು ಕರ್ಚೀಫು.

ಹೋದ ವರ್ಷ ಮೇ ತಿಂಗಳು. ಗೋಣಿಕೊಪ್ಪದ ಹತ್ತಿರ ಒಂದು ಕೊಡವ ಮದುವೆ, ಹಿಂದಿನ ದಿನ ಸಂಜೆ ಊರು ಕೂಡುವುದು. ನಮ್ಮದು ಸುಮ್ನೆ ಎರಡು ಗಂಟೆ ಹಾಡು, ಆಮೇಲೆ ಕೊಂಬು, ಡೋಲು, ವಾಲಗ, ಕುಣಿತ. ಹಂದಿ ಕರಿ ವಾಸನೆ ಆಗಲೇ ಪೆಂಡಾಲ್ ತುಂಬಿತ್ತು. ಅಷ್ಟರಲ್ಲಿ ಗಂಡಿನ ಕಡೆಯ ಒಬ್ಬರು, ಎರಡು ಪೆಗ್ ಮುಗಿಸಿದ್ದರು ಅನ್ನಿಸುತ್ತೆ, ಬಂದು ವಾಲಗವೂ ಕೀಬೋರ್ಡೂ ಒಟ್ಟಿಗೆ ಆಗಬೇಕು ಅಂದರು. ಆಗಲ್ಲ ಅಂದೆ. "ಎಲ್ಲಾ ಸೌಂಡೂ ಇದೆ ಅಂತೀರಲ್ಲ?" ಅಂದರು. ಅದಕ್ಕೆ ಏನು ಹೇಳೋದು.

ಶುರು ಮಾಡಿದೆವು. ಘೋರ. ವಾಲಗದ ಶ್ರುತಿ ನನ್ನ ಕರಿ ಮನೆಗೂ ಸೇರಲ್ಲ, ಪಕ್ಕದ ಬಿಳಿ ಮನೆಗೂ ಸೇರಲ್ಲ, ಎರಡರ ನಡುವೆ ಎಲ್ಲೋ ನಿಂತಿದೆ. ಕೀಬೋರ್ಡಿನಲ್ಲಿ ತಾನೇ ನುಡಿಯುವ ತಾಳ, ಅಂದರೆ ಸ್ಟೈಲ್, ಒಂದು ದಾರಿ, ಡೋಲು ಇನ್ನೊಂದು ದಾರಿ. ವಾಲಗ ಊದುತ್ತಿದ್ದ ಹಿರಿಯರು ನಿಲ್ಲಿಸಿ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗಲೇ ಸಿಡಿಲು ಹೊಡೆದು ಕರೆಂಟ್ ಹೋಯಿತು. ಶೀಟಿನ ಮೇಲೆ ಮಳೆ ಸುರಿಯಿತು. ಜನರೇಟರ್ ಹತ್ತಲು ಇಪ್ಪತ್ತು ನಿಮಿಷ ಬೇಕಾಯಿತು, ಆ ಇಪ್ಪತ್ತು ನಿಮಿಷ ವಾಲಗದವರು ಕತ್ತಲಲ್ಲೇ ನುಡಿಸಿದರು, ಮೊಬೈಲ್ ಟಾರ್ಚ್ ಹಿಡಿದುಕೊಂಡು ಜನ ಕುಣಿದರು, ನಾನು ಸತ್ತ ಕೀಬೋರ್ಡಿನ ಮುಂದೆ ಕೂತು ಬೇರೆ ಕೆಲಸವಿಲ್ಲದೆ ಬರೀ ಕೇಳಿದೆ. ಎಷ್ಟು ಮದುವೆಯಲ್ಲಿ ವಾಲಗ ಕೇಳಿದ್ದೇನೋ ಲೆಕ್ಕವಿಲ್ಲ, ಆದರೆ ಅವರ ಸ್ವರ ನೇರವಾಗಿ ಬಂದು ಕೂರುವುದಿಲ್ಲ ಅನ್ನುವುದು ಅವತ್ತು ಕಿವಿಗೆ ಬಿತ್ತು. ಕೆಳಗಿಂದ ಹತ್ತಿ ಬರುತ್ತದೆ, ಸ್ವಲ್ಪ ಮೇಲೆ ಹೋಗುತ್ತದೆ, ಆಮೇಲೆ ಜಾಗಕ್ಕೆ ಇಳಿಯುತ್ತದೆ. ಅದೂ ಒಂದು ಸಲಕ್ಕೆ ಒಂದೇ ಸ್ವರ. ಮಿನಿಮೂಗ್ ಹಾಗೇ ಅಲ್ವಾ ಅಂತ ತಲೆಗೆ ಹೊಳೆಯಿತು.

ಕರೆಂಟ್ ಬಂದ ಕೂಡಲೇ ಟ್ಯೂನಿಂಗ್ ಮೆನುಗೆ ಹೋದೆ. 440 ಇತ್ತು, ಅದು ಕೀಬೋರ್ಡಿನ ಮಾಮೂಲಿ ಶ್ರುತಿ. ಒಂದು ಸ್ವರ ಮೆಲ್ಲಗೆ ಒತ್ತಿಕೊಂಡು, ವಾಲಗದ ಕಡೆ ಕಿವಿ ಕೊಟ್ಟು, ಏರಿಸುತ್ತಾ ಹೋದೆ. 449ಕ್ಕೆ ಬಂದಾಗ ಗುಂಯ್‌ಗುಂಯ್ ಅಂತ ಅಲೆಯುತ್ತಿದ್ದದ್ದು ನಿಂತಿತು. ಸ್ಟೈಲ್ ಆಫ್. ರಿವರ್ಬ್, ಅಂದರೆ ಪ್ರತಿಧ್ವನಿ, ಕಮ್ಮಿ. ಒಂದೇ ಲೀಡ್ ಟೋನು. ಕರ್ಚೀಫು ಜೇಬಿಗೆ, ಎಡಗೈ ಚಕ್ರದ ಮೇಲೆ.

ಹಿರಿಯರು ಒಂದು ಸಾಲು ಊದಿದರು. ನಾನು ಹಿಂದೆ ಹೋದೆ. ಮೊದಲ ಎರಡು ಸಲ ಚಕ್ರ ಜಾಸ್ತಿ ಎಳೆದು ಬೆಕ್ಕು ಕೂಗಿದ ಹಾಗಾಯಿತು, ನಮ್ಮ ಡ್ರಮ್ಮರ್ ನಕ್ಕ. ಮೂರನೇ ಸಲ ಕೂತಿತು. ಅವರು ಹುಬ್ಬು ಏರಿಸಿ ಇನ್ನೊಂದು ಸಾಲು ಕೊಟ್ಟರು, ಸ್ವಲ್ಪ ಉದ್ದದ್ದು. ಸುಮಾರು ಐದು ನಿಮಿಷ ಹೀಗೇ ನಡೆಯಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಜನ ಹಾಡುಗಾರನನ್ನು ಬಿಟ್ಟು ನನ್ನ ಕೈ ನೋಡಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆರನೇ ನಿಮಿಷಕ್ಕೆ ಜನರೇಟರ್ ಒಮ್ಮೆ ಕೆಮ್ಮಿತು. ಕೀಬೋರ್ಡ್ ಆಫ್ ಆಗಿ ತಾನೇ ಆನ್ ಆಯಿತು. ನಾನು ಅದೇ ಹುರುಪಿನಲ್ಲಿ ಮುಂದಿನ ಸಾಲು ಒತ್ತಿದೆ. ಟ್ಯೂನಿಂಗ್ ವಾಪಸ್ 440! ಆ ಸ್ವರ ಹೇಗಿತ್ತು ಅಂದರೆ ಅಡುಗೆಯವರೂ ಹೊರಗೆ ಬಂದು ನೋಡಿದರು. ಸೆಲ್ ಹಾಕಿದ್ದರೆ ಈ ಗತಿ ಬರುತ್ತಿರಲಿಲ್ಲ. ಸೋರಿ ತಳ ಹಾಳಾಗುತ್ತೆ ಅಂತ ನಾನೇ ತೆಗೆದಿಟ್ಟಿದ್ದೆ.

ಊಟದ ಹೊತ್ತಿಗೆ ಹಿರಿಯರು ಹತ್ತಿರ ಬಂದು, ಆಫ್ ಆಗಿದ್ದ ಕೀಬೋರ್ಡಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಟ್ಟರು. ಟಕ್ಕಂತ ನಡುವಿಗೆ ವಾಪಸ್ ಬಂತು. "ಇದು ತಾನೇ ಬರುತ್ತಲ್ಲ?" ಅಂದರು. ಒಳಗೆ ಸ್ಪ್ರಿಂಗ್ ಇದೆ ಅಂದೆ. ಹ್ಯಾಮರ್ ಅವರ ಮಿನಿಮೂಗ್‌ಗೆ ಆ ಸ್ಪ್ರಿಂಗ್ ಇರಲಿಲ್ಲ, ನಡುವೆ ಒಂದು ಸಣ್ಣ ಕಚ್ಚು ಮಾತ್ರ, ಎಳೆದ ಸ್ವರವನ್ನು ಕೈಯೇ ವಾಪಸ್ ತಂದು ಕೂರಿಸಬೇಕಿತ್ತು. ಅದನ್ನೂ ಹೇಳಿದೆ. ಅವರಿಗೆ ಹ್ಯಾಮರ್ ಯಾರು ಅಂತ ಬೇಕಿರಲಿಲ್ಲ, ಸ್ಪ್ರಿಂಗ್ ಇಲ್ಲ ಅನ್ನುವುದಕ್ಕೆ ಮಾತ್ರ ತಲೆಯಾಡಿಸಿದರು.

"ನಾಳೆ ಬಾಳೆ ಕಡಿಯುವಾಗ ಬಾ" ಅಂದರು, ಮದುವೆ ದಿನ ಬಾಳೆ ದಿಂಡು ಕಡಿಯುವ ಶಾಸ್ತ್ರಕ್ಕೆ. "ಕರೆಂಟು ಬೇಡದ ಹಾಗೆ ಮಾಡ್ಕೊಂಡು ಬಾ."

ಮಾರನೇ ದಿನ ನಮಗೆ ಪ್ರೋಗ್ರಾಂ ಇರಲಿಲ್ಲ, ದುಡ್ಡೂ ಇಲ್ಲ. ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಬಸ್ ಇಳಿದವನು ಎದುರಿನ ಅಂಗಡಿಗೆ ಹೋಗಿ ಆರು ದೊಡ್ಡ ಸೆಲ್ ತಗೊಂಡೆ.