ಎಡಿನ್‌ಬರಾದಲ್ಲಿ ಹಣಕಾಸು ಓದಿದ ವರ್ಷ

2022ರ ಸೆಪ್ಟೆಂಬರಿನಿಂದ 2023ರ ಆಗಸ್ಟ್‌ವರೆಗೆ ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರಾದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಹಣಕಾಸು ವಿಷಯದ ಎಂ.ಎಸ್‌ಸಿ. ಓದಿದೆ. ಊರಿಗೆ ಮರಳಿದ ಮೇಲೆ, ಅದೇ ದಾರಿಯಲ್ಲಿ ಹೊರಟಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಖರ್ಚೆಷ್ಟು, ಕೆಲಸ ಸಿಗುತ್ತದೆಯೇ, ಗಣಿತ ಎಷ್ಟು ಬೇಕು ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಈ ಬರಹದಲ್ಲಿದೆ. ಆದರೆ ಆ ವರ್ಷದ ಓದು ನನ್ನೊಳಗೆ ಹೇಗೆ ಇಳಿಯಿತು ಎಂಬುದನ್ನು ಹೇಳದೆ ಬರೀ ಲೆಕ್ಕ ಹೇಳಿದರೆ ಅವರಿಗೆ ಅರ್ಧ ವಿಷಯವನ್ನಷ್ಟೇ ತಿಳಿಸಿದಂತಾಗುತ್ತದೆ.

ಮೊದಲು ಮನೆಯ ವಿಷಯ. ನನ್ನ ಅಪ್ಪ ಉಡುಪಿಯ ಸುತ್ತಮುತ್ತ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಸಂಗ್ರಹಿಸುತ್ತಿದ್ದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆ ಬಾಗಿಲಿಗೇ ಬ್ಯಾಂಕಿನ ಮನುಷ್ಯ ಹೋಗುತ್ತಿದ್ದ. ಅಪ್ಪನ ಕಾಲಕ್ಕೆ ಎರಡಾಣೆ ಇಪ್ಪತ್ತು, ಐವತ್ತು ರೂಪಾಯಿಯಾಗಿತ್ತು. ಆದರೆ ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ಹೂವಿನಂಗಡಿಯವರು, ಗೂಡಂಗಡಿಯವರು ಮೊದಲಿನಂತೆಯೇ ಇದ್ದರು. ಸಂಜೆ ಅಪ್ಪ ಮನೆಗೆ ಬಂದು ಆ ದಿನದ ಹಣವನ್ನು ಎಣಿಸುವಾಗ ನೋಟುಗಳಿಗೆ ಮೀನಿನ ವಾಸನೆ ಇರುತ್ತಿತ್ತು. ಹಣಕಾಸಿನ ಮೊದಲ ಪಾಠದಲ್ಲಿ ಸಮಾನ ಕಂತುಗಳ ಇಂದಿನ ಮೌಲ್ಯವನ್ನು ಕಂಡುಹಿಡಿಯುವ ಸೂತ್ರವನ್ನು ಫಲಕದ ಮೇಲೆ ಬರೆದಾಗ ನನಗೆ ಅದು ಹೊಸದೆನಿಸಲಿಲ್ಲ. ಅಪ್ಪನ ಪಿಗ್ಮಿ ಪುಸ್ತಕವೇ ಅಕ್ಷರಗಳಾಗಿ ಅಲ್ಲಿ ನಿಂತಿತ್ತು.

ಎಡಿನ್‌ಬರಾವನ್ನು ಆರಿಸಿಕೊಳ್ಳಲು ನನಗಿದ್ದ ಕಾರಣಗಳಲ್ಲಿ ಆ ಊರಿನ ಚರಿತ್ರೆಯೂ ಒಂದು. ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಅಲ್ಲಿ ಸ್ಥಾಪನೆಯಾದದ್ದು 1695ರಲ್ಲಿ, ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ 1727ರಲ್ಲಿ. ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ ಸಮಾಧಿ ಇರುವುದು ಕ್ಯಾನನ್‌ಗೇಟ್ ಚರ್ಚಿನ ಅಂಗಳದಲ್ಲಿ. ತರಗತಿಯಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು. ಸ್ಕಾಟ್‌ಲೆಂಡಿನಲ್ಲಿ ಇಂದಿಗೂ ಮೂರು ವಾಣಿಜ್ಯ ಬ್ಯಾಂಕುಗಳು ತಮ್ಮದೇ ಹೆಸರಿನಲ್ಲಿ ನೋಟು ಹೊರಡಿಸುತ್ತವೆ. ತರಕಾರಿ ಅಂಗಡಿಯಲ್ಲಿ ಮೊದಲ ಸಲ ಚಿಲ್ಲರೆಯಾಗಿ ನನ್ನ ಕೈಗೆ ಬಂದ ಐದು ಪೌಂಡಿನ ನೋಟಿನ ಮೇಲೆ ಕೇಂದ್ರ ಬ್ಯಾಂಕಿನ ಹೆಸರಿರದೆ ವಾಣಿಜ್ಯ ಬ್ಯಾಂಕೊಂದರ ಹೆಸರು ಇದ್ದುದನ್ನು ಕಂಡು, ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದೆ. ನೋಟು ಎಂದರೆ ಒಬ್ಬರು ಬರೆದುಕೊಟ್ಟ ಮಾತು, ಆ ಮಾತನ್ನು ನಂಬುವವರು ಇರುವಷ್ಟು ದಿನ ಅದಕ್ಕೆ ಬೆಲೆ ಎಂಬುದು ಅಂಗಡಿಯ ಮುಂದೆ ನಿಂತು ತಿಳಿದಷ್ಟು ಸ್ಪಷ್ಟವಾಗಿ ಯಾವ ಪುಟದಲ್ಲೂ ತಿಳಿಯಲಿಲ್ಲ.

ತರಗತಿಗಳು ಆರಂಭವಾಗಿ ಇನ್ನೂ ಎರಡು ವಾರ ತುಂಬಿರಲಿಲ್ಲ. ಸೆಪ್ಟೆಂಬರ್ 23ರ ಶುಕ್ರವಾರ ಬ್ರಿಟನ್ನಿನ ಹೊಸ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್, ಹಣ ಎಲ್ಲಿಂದ ಬರುತ್ತದೆ ಎಂಬ ವಿವರವಿಲ್ಲದೆಯೇ ದೊಡ್ಡ ತೆರಿಗೆ ಕಡಿತಗಳನ್ನು ಘೋಷಿಸಿದರು. ಸೋಮವಾರ ಪೌಂಡು ಡಾಲರಿನ ಎದುರು ಹಿಂದೆಂದೂ ಕಾಣದಷ್ಟು ಕೆಳಕ್ಕೆ, ಸುಮಾರು 1.03ಕ್ಕೆ ಕುಸಿಯಿತು. ಸರ್ಕಾರಿ ಬಾಂಡುಗಳ, ಅಂದರೆ ಸರ್ಕಾರದ ಸಾಲಪತ್ರಗಳ, ಬೆಲೆ ಬೀಳತೊಡಗಿತು. ಮೂವತ್ತು ವರ್ಷದ ಬಾಂಡಿನ ಇಳುವರಿ, ಅಂದರೆ ಆಗಿನ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಸಿಗುವ ಆದಾಯದ ದರ, ಬುಧವಾರದ ಹೊತ್ತಿಗೆ ಶೇ. 5ನ್ನು ದಾಟಿತು. ಅದೇ ದಿನ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಪೇಟೆಗಿಳಿದು ದೀರ್ಘಾವಧಿಯ ಬಾಂಡುಗಳನ್ನು ತಾನೇ ಕೊಳ್ಳುವುದಾಗಿ ಹೇಳಿದ ಮೇಲೆ ಆ ಇಳುವರಿ ಒಂದೇ ದಿನದಲ್ಲಿ ಸುಮಾರು ಒಂದು ಶೇಕಡಾ ಅಂಶದಷ್ಟು ಇಳಿಯಿತು. ಮರುದಿನ ನಮಗೆ ಬಾಂಡುಗಳ ಪಾಠವಿತ್ತು. ಅಧ್ಯಾಪಕರು ತಾವು ಸಿದ್ಧಪಡಿಸಿಕೊಂಡು ಬಂದಿದ್ದ ಸ್ಲೈಡುಗಳನ್ನು ಮುಚ್ಚಿಟ್ಟು, ಆ ವಾರದ ಇಳುವರಿಯ ನಕ್ಷೆಯನ್ನು ಪರದೆಯ ಮೇಲೆ ತೆರೆದರು.

ಅಂದು ಕಲಿತದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕೋರ್ಸಿನ ರುಚಿ ಅದರಲ್ಲಿದೆ. ಬಡ್ಡಿದರ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ, ಅದರ ಅವಧಿ ಉದ್ದವಾದಷ್ಟೂ ಇಳಿತ ಹೆಚ್ಚು. ಡ್ಯುರೇಷನ್ ಎಂಬ ಒಂದು ಅಂಕಿ ಈ ಇಳಿತವನ್ನು ಅಳೆಯುತ್ತದೆ: ಅದು 20 ಇದ್ದರೆ, ಇಳುವರಿ ಒಂದು ಶೇಕಡಾ ಅಂಶ ಏರಿದಾಗ ಬೆಲೆ ಹೆಚ್ಚುಕಡಿಮೆ ಶೇ. 20ರಷ್ಟು ಇಳಿಯುತ್ತದೆ. ಬ್ರಿಟನ್ನಿನ ಅನೇಕ ಪಿಂಚಣಿ ನಿಧಿಗಳು ತಾವು ಮುಂದೆ ಕೊಡಬೇಕಾದ ಪಿಂಚಣಿಗೆ ಹೊಂದುವಂತೆ ಇಂಥ ಉದ್ದದ ಬಾಂಡುಗಳನ್ನು, ಅದೂ ಸಾಲದ ಹಣದ ಬಲದಿಂದ, ಹಿಡಿದುಕೊಂಡಿದ್ದವು. ಬೆಲೆ ಬಿದ್ದಾಗ ಸಾಲ ಕೊಟ್ಟವರು ಹೆಚ್ಚಿನ ಅಡಮಾನ ಕೇಳಿದರು. ಅದನ್ನು ಹೊಂದಿಸಲು ನಿಧಿಗಳು ಅದೇ ಬಾಂಡುಗಳನ್ನು ಮಾರಿದವು. ಮಾರಿದ್ದರಿಂದ ಬೆಲೆ ಇನ್ನಷ್ಟು ಬಿತ್ತು. ನಿವೃತ್ತರ ಪಿಂಚಣಿಯನ್ನು ಭದ್ರಪಡಿಸಲೆಂದು ಮಾಡಿದ ಏರ್ಪಾಡೇ ಅಪಾಯದ ಮೂಲವಾದದ್ದನ್ನು ಕಂಡ ಆ ಗುರುವಾರದ ನಂತರ, ಯಾವ ಸೂತ್ರವನ್ನು ಕಲಿತಾಗಲೂ ಇದನ್ನು ಸಾಲದ ಹಣದಿಂದ ಮಾಡಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಅದೇ ವಾರ ನನ್ನ ಸ್ವಂತ ಲೆಕ್ಕದಲ್ಲೂ ಒಂದು ಪಾಠವಾಯಿತು. ಪೌಂಡಿನ ಬೆಲೆ ಸುಮಾರು 87 ರೂಪಾಯಿಗೆ ಇಳಿದಿತ್ತು, ಮತ್ತು ನಾನು ಇನ್ನೂ 12,000 ಪೌಂಡು ಶುಲ್ಕ ಕಟ್ಟಬೇಕಿತ್ತು. ಅಂದೇ ಕಟ್ಟಿಬಿಟ್ಟಿದ್ದರೆ 10,44,000 ರೂಪಾಯಿಗೆ ಮುಗಿಯುತ್ತಿತ್ತು. ಆದರೆ ಸಾಲ ಕೊಟ್ಟ ಬ್ಯಾಂಕು, ಕಂತಿನ ದಿನ ಹತ್ತಿರ ಬಂದ ಮೇಲೆಯೇ ಹಣ ಬಿಡುಗಡೆ ಮಾಡುವುದಾಗಿ ಹೇಳಿತು. ಮನವಿ ಪತ್ರ ಬರೆದೆ, ಅಪ್ಪ ಶಾಖೆಗೆ ಎರಡು ಸಲ ಹೋಗಿ ಬಂದರು, ಉಪಯೋಗವಾಗಲಿಲ್ಲ. ಜನವರಿಯಲ್ಲಿ ಕಂತು ಕಟ್ಟುವಾಗ ಪೌಂಡು 100 ರೂಪಾಯಿಯ ಆಸುಪಾಸಿನಲ್ಲಿತ್ತು. ವ್ಯತ್ಯಾಸ ಸುಮಾರು ಒಂದೂವರೆ ಲಕ್ಷ. ರೂಪಾಯಿಯಲ್ಲಿ ಸಾಲ ಮಾಡಿ ಪೌಂಡಿನಲ್ಲಿ ಶುಲ್ಕ ಕಟ್ಟುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗರಿವಿಲ್ಲದೆ ವಿನಿಮಯ ದರದ ಅಪಾಯವನ್ನು ಹೊತ್ತಿರುತ್ತಾನೆ. ಹೊರಡುವವರು ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲೇ, ವಿದ್ಯಾರ್ಥಿ ಬಯಸಿದಾಗ ಶುಲ್ಕವನ್ನು ಮುಂಗಡವಾಗಿ ಕಟ್ಟಲು ಅವಕಾಶವಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಬಡ್ಡಿದರದ ಕಾಲು ಶೇಕಡಾಕ್ಕಾಗಿ ವಾದಿಸುವ ನಾವು ಇದನ್ನು ಕೇಳಲು ಮರೆಯುತ್ತೇವೆ.

ಕೋರ್ಸಿನ ಕಟ್ಟು ಸರಳವಾದದ್ದು. ಒಟ್ಟು 180 ಕ್ರೆಡಿಟ್, ಅದರಲ್ಲಿ 120 ಎರಡು ಸೆಮಿಸ್ಟರಿನ ಪಾಠಗಳಿಗೆ, 60 ಬೇಸಿಗೆಯಲ್ಲಿ ಬರೆಯುವ ಪ್ರಬಂಧಕ್ಕೆ. ಬಿ.ಕಾಂ. ಓದಿದವರಿಗೆ ಲೆಕ್ಕಪತ್ರದ ಪಾಠಗಳು ಸುಲಭ; ಬೆವರಿಳಿಯುವುದು ಸಂಖ್ಯಾಶಾಸ್ತ್ರ ಮತ್ತು ಆ ಶಾಸ್ತ್ರದಿಂದ ಆರ್ಥಿಕ ಅಂಕಿಅಂಶಗಳನ್ನು ಅಳೆಯುವ ಎಕನೊಮೆಟ್ರಿಕ್ಸ್‌ನಲ್ಲಿ. ಮ್ಯಾಟ್ರಿಕ್ಸ್, ಅವಕಲನ, ಸಂಭವನೀಯತೆ, ರಿಗ್ರೆಷನ್ ಇಷ್ಟನ್ನು ಹೊರಡುವ ಮೊದಲಿನ ಮೂರು ತಿಂಗಳಲ್ಲಿ ಕೈಯಾರೆ ಬಿಡಿಸಿ ರೂಢಿ ಮಾಡಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಂಕಗಳ ಬಗ್ಗೆಯೂ ಒಂದು ಮಾತು: ಅಲ್ಲಿ 50 ಬಂದರೆ ತೇರ್ಗಡೆ, 70 ಬಂದರೆ ಅತ್ಯುನ್ನತ ದರ್ಜೆ. ನಮ್ಮಲ್ಲಿ 90ರ ಮೇಲೆ ಪಡೆದು ಬಂದವರು ಮೊದಲ ವರದಿಗೆ 58 ಬಂದದ್ದನ್ನು ನೋಡಿ ಕಣ್ಣೀರು ಹಾಕಿದ್ದನ್ನು ನಾನು ಕಂಡಿದ್ದೇನೆ. ಅದು ಸೋಲಲ್ಲ ಎಂದು ಅವರಿಗೆ ಮೊದಲೇ ಯಾರಾದರೂ ಹೇಳಬೇಕಿತ್ತು.

ಅಕ್ಟೋಬರ್ 10ರಂದು ಆ ವರ್ಷದ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪ್ರಕಟವಾಯಿತು: ಬೆನ್ ಬರ್ನಾಂಕೆ, ಡಗ್ಲಸ್ ಡೈಮಂಡ್, ಫಿಲಿಪ್ ಡಿಬ್ವಿಗ್. ಕೊನೆಯ ಇಬ್ಬರು 1983ರಲ್ಲಿ ಕಟ್ಟಿದ ಮಾದರಿಯನ್ನು ನಾವು ತರಗತಿಯಲ್ಲಿ ಬಿಡಿಸಿದೆವು. ಬ್ಯಾಂಕು ಠೇವಣಿದಾರರಿಂದ ಯಾವಾಗ ಕೇಳಿದರೂ ಕೊಡುವೆನೆಂದು ಹಣ ಪಡೆದು, ದೀರ್ಘ ಕಾಲಕ್ಕೆ ಸಾಲ ಕೊಡುತ್ತದೆ. ಎಲ್ಲರೂ ಒಂದೇ ಸಲ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಆದರೆ ಬೇರೆಯವರು ಓಡುತ್ತಾರೆ ಎಂದು ನನಗೆ ಅನಿಸಿದರೆ ನಾನೂ ಓಡುವುದೇ ಬುದ್ಧಿವಂತಿಕೆಯಾಗುತ್ತದೆ, ಮತ್ತು ಹಾಗೆ ಎಲ್ಲರೂ ಬುದ್ಧಿವಂತರಾದರೆ ಗಟ್ಟಿಯಾದ ಬ್ಯಾಂಕೂ ಮುಳುಗುತ್ತದೆ. ಪರೀಕ್ಷೆಗೆ ಬೇಕಾದಷ್ಟು ಓದಿ ಅದನ್ನು ಪಕ್ಕಕ್ಕಿಟ್ಟಿದ್ದೆ.

2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 42 ಬಿಲಿಯನ್ ಡಾಲರ್ ಹಿಂದಕ್ಕೆ ಕೇಳಿದರು; ಮರುದಿನ ಅದು ಮುಚ್ಚಿತು. ಬಡ್ಡಿದರ ಕಡಿಮೆಯಿದ್ದಾಗ ಕೊಂಡ ದೀರ್ಘಾವಧಿಯ ಬಾಂಡುಗಳು, ದರ ಏರಿದಾಗ ಬಿದ್ದ ಅವುಗಳ ಬೆಲೆ, ಜತೆಗೆ ವಿಮೆಯ ಮಿತಿಯಾದ ಎರಡೂವರೆ ಲಕ್ಷ ಡಾಲರನ್ನು ಮೀರಿದ್ದ ಬಹುಪಾಲು ಠೇವಣಿ: ಸೆಪ್ಟೆಂಬರಿನ ಪಾಠವೂ ಅಕ್ಟೋಬರಿನ ಪಾಠವೂ ಒಂದೇ ಸುದ್ದಿಯಲ್ಲಿ ಕೂಡಿಬಂದಿದ್ದವು. ಸೋಮವಾರ ಅದರ ಬ್ರಿಟನ್ ಅಂಗಸಂಸ್ಥೆಯನ್ನು ಎಚ್‌ಎಸ್‌ಬಿಸಿ ಬ್ಯಾಂಕು ಒಂದು ಪೌಂಡಿಗೆ ಕೊಂಡಿತು. ಅದೇ ತಿಂಗಳ 19ರಂದು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕು ಅಲ್ಲಿನದೇ ಯುಬಿಎಸ್ ಬ್ಯಾಂಕಿನ ಪಾಲಾಯಿತು. ಆ ದಿನಗಳಲ್ಲಿ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಜನ ದುಡ್ಡು ತೆಗೆದರಲ್ಲ, ಅವರಿಗೆ ಆ ಬ್ಯಾಂಕಿನ ಒಬ್ಬರ ಮುಖವಾದರೂ ಪರಿಚಯ ಇತ್ತಾ ಮಗಾ?" ಪರಿಚಯದ ಮುಖ ಬ್ಯಾಂಕನ್ನು ಉಳಿಸುತ್ತದೆಂದು ನಾನು ಹೇಳಲಾರೆ, ಕುಸಿತಕ್ಕೆ ಕಾರಣ ಬಾಂಡುಗಳ ನಷ್ಟ, ಅದು ನಿಜವಾದ ನಷ್ಟ. ಆದರೆ ಫೋನಿನಲ್ಲಿ ಬೆರಳಾಡಿಸಿ ಹಣ ತೆಗೆಯುವುದಕ್ಕೂ, ಪ್ರತಿ ಸಂಜೆ ಬಾಗಿಲಿಗೆ ಬರುವ ಮನುಷ್ಯನನ್ನು ಕೇಳಿ ತೆಗೆಯುವುದಕ್ಕೂ ಇರುವ ವೇಗದ ವ್ಯತ್ಯಾಸ ಆ ಮಾದರಿಯ ಸಮೀಕರಣಗಳಲ್ಲಿ ಇಲ್ಲ ಎಂಬುದನ್ನು ಅವರು ಸರಿಯಾಗಿ ಹಿಡಿದಿದ್ದರು.

ಪ್ರಬಂಧಕ್ಕೆ ವಿಷಯವನ್ನು ಹುಡುಕುವ ಕಷ್ಟ ನನಗಾಗಲಿಲ್ಲ. 2019ರ ಆಗಸ್ಟ್ 30ರಂದು ಕೇಂದ್ರ ಸರ್ಕಾರ ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ನಿರ್ಧಾರವನ್ನು ಪ್ರಕಟಿಸಿತು. ಅದರಂತೆ 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ್ದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಸಿಂಡಿಕೇಟಿನ 1,000 ಷೇರಿಗೆ ಕೆನರಾದ 158 ಷೇರು ಎಂದು ನಿಗದಿಯಾಯಿತು. ಪ್ರಕಟಣೆಯ ಸುತ್ತಲಿನ ದಿನಗಳಲ್ಲಿ ಈ ಹತ್ತು ಬ್ಯಾಂಕುಗಳ ಷೇರು ಬೆಲೆ, ಇಡೀ ಪೇಟೆಯ ಚಲನೆಯನ್ನು ಕಳೆದ ಮೇಲೆ, ಎಷ್ಟು ಏರಿಳಿಯಿತು ಎಂದು ಅಳೆಯುವುದು ನನ್ನ ಕೆಲಸವಾಗಿತ್ತು.

ಮೊದಲ ಕರಡಿನಲ್ಲಿ ನನ್ನ ಫಲಿತಾಂಶ ವಿಚಿತ್ರವಾಗಿತ್ತು: ಶುಕ್ರವಾರದ ಪ್ರಕಟಣೆಯ ನಂತರದ ಸೋಮವಾರ ಏನೂ ಆಗಿಲ್ಲ, ಬದಲಾವಣೆ ಸೊನ್ನೆ. ಅದರಿಂದ ಪೇಟೆ ಈ ಸುದ್ದಿಯನ್ನು ಮೊದಲೇ ಊಹಿಸಿತ್ತು ಎಂದು ನಾನು ಎರಡು ಪುಟ ಬರೆದಿದ್ದೆ. ಮಾರ್ಗದರ್ಶಕಿ ಆ ಪಟ್ಟಿಯ ಮೇಲೆ ಬೆರಳಿಟ್ಟು, ಹತ್ತು ಬ್ಯಾಂಕಿಗೂ, ಸೂಚ್ಯಂಕಕ್ಕೂ ಒಂದೇ ದಿನ ಸೊನ್ನೆ ಹೇಗೆ ಬಂತು, ಆ ಸೋಮವಾರ ನಿಮ್ಮ ದೇಶದಲ್ಲಿ ಏನಿತ್ತು ಎಂದು ಕೇಳಿದರು. 2019ರ ಸೆಪ್ಟೆಂಬರ್ 2. ಚೌತಿ. ಮುಂಬಯಿಯ ಪೇಟೆಗೆ ರಜೆ. ದತ್ತಾಂಶ ಒದಗಿಸುವ ಸಂಸ್ಥೆಯ ತಂತ್ರಾಂಶ ರಜೆಯ ದಿನಕ್ಕೂ ಶುಕ್ರವಾರದ ಬೆಲೆಯನ್ನೇ ತುಂಬಿಸಿತ್ತು, ನಾನು ಅದನ್ನು ಪರೀಕ್ಷಿಸಿರಲಿಲ್ಲ. ಪ್ರತಿ ವರ್ಷ ಆ ದಿನ ಮನೆಯಲ್ಲಿ ಮೂಡೆ, ಚಕ್ಕುಲಿ, ಪಂಚಕಜ್ಜಾಯ ತಿಂದು ಬೆಳೆದ ನನಗೆ ಆ ತಾರೀಖು ಹೊಳೆಯಲಿಲ್ಲವಲ್ಲ ಎಂದು ಬಹಳ ನೊಂದುಕೊಂಡೆ.

ಆ ತಪ್ಪನ್ನು ತಿದ್ದಿದಾಗ ಇನ್ನೊಂದು ಗಂಟು ಕಾಣಿಸಿತು. ನಿಜವಾದ ಮೊದಲ ದಿನ ಸೆಪ್ಟೆಂಬರ್ 3, ಮಂಗಳವಾರ. ಅಂದು ಸೆನ್ಸೆಕ್ಸೇ ಸುಮಾರು 770 ಅಂಶ ಬಿದ್ದಿತ್ತು, ಏಕೆಂದರೆ ವಿಲೀನದ ಸುದ್ದಿ ಬಂದ ಅದೇ ಶುಕ್ರವಾರ ದೇಶದ ಆರ್ಥಿಕ ಬೆಳವಣಿಗೆ ಶೇ. 5ಕ್ಕೆ ಇಳಿದಿದೆ ಎಂಬ ಅಂಕಿಯೂ ಹೊರಬಂದಿತ್ತು. ಸರ್ಕಾರಿ ಬ್ಯಾಂಕುಗಳ ಷೇರು ಬಿದ್ದದ್ದು ವಿಲೀನಕ್ಕೋ, ಮಂದಗತಿಗೋ? ಖಾಸಗಿ ಬ್ಯಾಂಕುಗಳನ್ನೂ, ವಿಲೀನದ ಪಟ್ಟಿಯಲ್ಲಿರದ ಸರ್ಕಾರಿ ಬ್ಯಾಂಕುಗಳನ್ನೂ ಪಕ್ಕಕ್ಕಿಟ್ಟು ಹೋಲಿಸಿ ಸ್ವಲ್ಪ ಮಟ್ಟಿಗೆ ಬೇರ್ಪಡಿಸಲು ಸಾಧ್ಯವಾಯಿತು, ಪೂರ್ತಿಯಾಗಿ ಆಗಲಿಲ್ಲ. ಹಾಗೆಯೇ ಬರೆದೆ. ಎಷ್ಟು ಖಚಿತ, ಎಷ್ಟು ಅಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆದ ಆ ಅಧ್ಯಾಯಕ್ಕೇ ನನಗೆ ಹೆಚ್ಚಿನ ಅಂಕ ಬಂದದ್ದು, ಮತ್ತು ಇಡೀ ವರ್ಷದಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಅದೇ.

ಕೆಲಸದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಲಂಡನ್ನಿನ ಬ್ಯಾಂಕುಗಳು ಮುಂದಿನ ವರ್ಷದ ನೇಮಕಾತಿಗೆ ಅರ್ಜಿ ಕರೆಯುವುದು ನೀವು ಅಲ್ಲಿ ಕಾಲಿಡುವ ಹೊತ್ತಿಗೇ. ಆದ್ದರಿಂದ ಸ್ವವಿವರ ಪತ್ರವನ್ನು ಊರಿನಲ್ಲೇ ಸಿದ್ಧಪಡಿಸಿಕೊಂಡು ಹೋಗಬೇಕು. ನಾನು ಓದಿದಾಗ ಪದವಿಯ ನಂತರ ಎರಡು ವರ್ಷ ಅಲ್ಲಿ ಉಳಿಯಲು ವೀಸಾ ಸಿಗುತ್ತಿತ್ತು, ಆದರೆ ಅದಾದ ಮೇಲೂ ನಿಲ್ಲಬೇಕಾದರೆ ಕಂಪನಿಯೇ ಪ್ರಾಯೋಜಿಸಬೇಕು. ಈ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಏಜೆಂಟರ ಮಾತನ್ನು ನೆಚ್ಚದೆ ಅಲ್ಲಿನ ಸರ್ಕಾರದ ಜಾಲತಾಣವನ್ನೇ ನೋಡಿ. ನಾನು ಮರಳಿ ಬಂದು ಈಗ ಬೆಂಗಳೂರಿನಲ್ಲಿ ಬ್ಯಾಂಕೊಂದರ ಅಪಾಯ ನಿರ್ವಹಣಾ ವಿಭಾಗದಲ್ಲಿದ್ದೇನೆ. ಸಾಲದ ಕಂತು ಇನ್ನೂ ನಡೆಯುತ್ತಿದೆ.

ಊರಿಗೆ ಬಂದಾಗ ಪ್ರಬಂಧವನ್ನು ಅಪ್ಪನ ಮುಂದೆ ಕನ್ನಡದಲ್ಲಿ ಓದಿ ಹೇಳಿದೆ. ಷೇರುದಾರರಿಗೆ ಎಷ್ಟು ನಷ್ಟ, ಎಷ್ಟು ಲಾಭ ಎಂಬುದನ್ನೆಲ್ಲ ಕೇಳಿದ ಮೇಲೆ ಅವರು, "ಇದರಲ್ಲಿ ಪಿಗ್ಮಿ ಕಟ್ಟಿದವರು ಎಲ್ಲಿದ್ದಾರೆ?" ಎಂದರು. ವಿಲೀನದ ನಂತರ ಪುಸ್ತಕ ಬದಲಾದಾಗ, 2021ರ ಜುಲೈನಿಂದ ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ನಡೆಯದಾದಾಗ, ಮಲ್ಪೆಯ ಹೆಂಗಸರು ತಮ್ಮ ದುಡ್ಡು ಯಾವ ಬ್ಯಾಂಕಿನಲ್ಲಿದೆ ಎಂದು ಕೇಳಲು ಮೊದಲು ಬಂದದ್ದು ನಮ್ಮ ಮನೆಗೇ. ಪ್ರಬಂಧದ ಕೊನೆಯಲ್ಲಿ, ಠೇವಣಿದಾರರ ಮೇಲಾದ ಪರಿಣಾಮ ಮುಂದಿನ ಅಧ್ಯಯನಕ್ಕೆ ಉಳಿದ ವಿಷಯ ಎಂದು ಎರಡು ಸಾಲು ಬರೆದಿದ್ದೆ. ಆ ಎರಡು ಸಾಲನ್ನು ಅವರಿಗೆ ತೋರಿಸಿದೆ. ಅವರು ಒಳಗೆ ಹೋಗಿ ತಮ್ಮ ಹಳೆಯ ಸಂಗ್ರಹದ ಪುಸ್ತಕಗಳನ್ನು, ವರ್ಷದ ಪ್ರಕಾರ ದಾರ ಕಟ್ಟಿಟ್ಟ ಹನ್ನೊಂದು ಕಟ್ಟುಗಳನ್ನು, ತಂದು ಮೇಜಿನ ಮೇಲಿಟ್ಟರು. ಈ ರಜೆಯಲ್ಲಿ ಅವುಗಳಲ್ಲಿ ಮೂರು ಕಟ್ಟನ್ನು ನಾವಿಬ್ಬರೂ ಕೂತು ಓದಿದೆವು.