ಅಣ್ಣನ ಬೋಟಿನ ಬ್ಯಾಟರಿ ಕೆಲಸ, ಇಲ್ಲೀವರೆಗೆ

ಏಪ್ರಿಲ್‌ನಲ್ಲಿ ಗಂಗೊಳ್ಳಿಯಿಂದ ಸುಮಾರು 12 ನಾಟಿಕಲ್ ಮೈಲಿ ಹೊರಗೆ ಅಣ್ಣ ಮತ್ತೆ ನಾಲ್ಕು ಜನ ರಾತ್ರಿ ಲಂಗರು ಹಾಕಿ ಮಲಗಿದ್ರು, ಬೆಳಿಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟರ್ ಟಕ್ ಟಕ್ ಅಂದಿದ್ದಷ್ಟೆ, ಇಂಜಿನ್ ತಿರುಗ್ಲೇ ಇಲ್ಲ. ವೈರ್‌ಲೆಸ್‌ನಲ್ಲಿ ಕರೆಯೋಣ ಅಂತ ಬಟನ್ ಒತ್ತಿದ್ರೆ ಸೆಟ್ಟೇ ಆಫ್. ಪುಣ್ಯಕ್ಕೆ ಕಣ್ಣಳತೇಲಿ ಇನ್ನೊಂದು ಬೋಟಿತ್ತು, ಅವ್ರು ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು. ಅಳಿವೆ ಬಾಯಲ್ಲಿ ಅಲೆ ಏಳುವಾಗ ಇಂಜಿನ್ ಇಲ್ಲದ ಬೋಟು ಒಳಗೆ ತರೋದು ಅಂದ್ರೆ ಏನು ಅಂತ ಬಂದರಲ್ಲಿ ಹುಟ್ಟಿ ಬೆಳೆದವ್ರಿಗೆ ಗೊತ್ತು, ಅವತ್ತು ದಡದಲ್ಲಿ ನಿಂತು ನೋಡಿದ್ದು ಇನ್ನೂ ಮರೆತಿಲ್ಲ. ಜೂನ್ 1ರಿಂದ ಜುಲೈ 31, 61 ದಿನ ಮೀನುಗಾರಿಕೆ ನಿಷೇಧ ಇದ್ಯಲ್ಲ, ಅಷ್ಟರೊಳಗೆ ಇದನ್ನ ಸರಿ ಮಾಡ್ಲೇಬೇಕು ಅಂತ ಕೂತೆ.

ಜೂನ್ ಎರಡನೇ ವಾರ

ಎಲ್ರೂ ಹೇಳಿದ್ದು ಒಂದೇ, ದೊಡ್ಡ ಬ್ಯಾಟರಿ ಹಾಕು ಅಂತ. ನಾನು ಮೊದ್ಲು ಡಿಸಿ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಕಚ್ಚಿಸಿದ್ರೆ ಎಷ್ಟು ಕರೆಂಟು ಹೋಗ್ತಿದೆ ಅಂತ ತೋರಿಸೋದು) ಹಿಡ್ಕೊಂಡು ಒಂದೊಂದೇ ವೈರು ಅಳೆದೆ. ಲಂಗರು ದೀಪ ಹಳೇ 25 ವ್ಯಾಟ್ ಬಲ್ಬು, 2 ಆಂಪ್ಸ್, 12 ಗಂಟೆ ಉರಿದ್ರೆ ಅದೊಂದೇ 24 ಆಂಪ್ ಅವರ್ (ಆಂಪ್ಸ್ ಗುಣಿಸು ಗಂಟೆ, ಬ್ಯಾಟರಿ ಲೆಕ್ಕ ಇದರಲ್ಲೇ). ಜಿಪಿಎಸ್ಸು ಫಿಶ್ ಫೈಂಡರ್ ಸೇರಿ 14, ವೈರ್‌ಲೆಸ್ ಸುಮ್ನೆ ಕೇಳ್ತಾ ಇರೋಕೆ 5, ಡೆಕ್ ಲೈಟು 7, ಬೋಟಿನ ತಳದ ನೀರು ಹೊರಹಾಕೋ ಬಿಲ್ಜ್ ಪಂಪ್ 2. ಆಶ್ಚರ್ಯ ಆಗಿದ್ದು ಇನ್ವರ್ಟರ್ ನೋಡಿ, ಐದು ಮೊಬೈಲ್ ಚಾರ್ಜಿಗೆ ಬೇಕಾಗಿದ್ದು 7, ಆದ್ರೆ ಏನೂ ಚುಚ್ಚದೆ ಬರೀ ಆನ್ ಇಟ್ರೂ ಇನ್ವರ್ಟರ್ ರಾತ್ರಿಗೆ 10 ತಿಂತಾ ಇತ್ತು. ಒಟ್ಟು 69. ಇದ್ದಿದ್ದು 100 ಆಂಪ್ ಅವರಿನ ಲೆಡ್ ಆಸಿಡ್ ಬ್ಯಾಟರಿ ಒಂದೇ, ಅದನ್ನ ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದ್ರೆ ಬೇಗ ಸಾಯತ್ತೆ, ಅಂದ್ರೆ ನಿಜವಾಗಿ ಕೈಗೆ ಸಿಗೋದು 50. ಇಂಜಿನ್ ಸ್ಟಾರ್ಟಿಗೂ ಅದೇ ಬ್ಯಾಟರಿ! ಬೆಳಿಗ್ಗೆ ಇಂಜಿನ್ ಏಳದೇ ಇದ್ದಿದ್ದು ಬ್ಯಾಟರಿ ತಪ್ಪೇ ಅಲ್ಲ.

ದೀಪ ಎಲ್ಇಡಿ ಮಾಡ್ದೆ, 24 ಇದ್ದಿದ್ದು 4ಕ್ಕೆ ಬಂತು. ಇನ್ವರ್ಟರ್ ಕಿತ್ತು ನೇರ 12 ವೋಲ್ಟಿನ ಯುಎಸ್‌ಬಿ ಸಾಕೆಟ್ ಹಾಕ್ದೆ. ಈಗ ರಾತ್ರಿಗೆ 39, ಹೊಸ ಬ್ಯಾಟರಿ ಇನ್ನೂ ತಂದೇ ಇಲ್ಲ ಆಗ.

ಜುಲೈ

ವೈರ್‌ಲೆಸ್ ಯಾಕೆ ಆಫ್ ಆಗ್ತಿತ್ತು ಅನ್ನೋದಕ್ಕೆ ಎರಡು ದಿನ ಹಿಡೀತು. ಕೇಳುವಾಗ ಅರ್ಧ ಆಂಪ್ಸೂ ಬೇಡ, ಮಾತಾಡೋಕೆ ಬಟನ್ ಒತ್ತಿದ್ರೆ 25 ವ್ಯಾಟಿಗೆ ಐದಾರು ಆಂಪ್ಸ್ ಎಳೆಯತ್ತೆ. ಆಗ ಬ್ಯಾಟರಿ ಬಾಯಲ್ಲಿ 12.2 ವೋಲ್ಟ್, ಸೆಟ್ಟಿನ ಹಿಂದೆ 10.6! ಅದಕ್ಕೇ ಸೆಟ್ಟು ಆಫ್ ಆಗ್ತಿತ್ತು. ಟೇಪು ಬಿಚ್ಚಿದ್ರೆ ಲಗ್ಗಿನ (ವೈರಿನ ತುದಿಗೆ ಹಾಕೋ ಲೋಹದ ಕೊಂಡಿ) ಹತ್ರ ತಾಮ್ರ ಪೂರ್ತಿ ಹಸಿರು, ಉಗುರಲ್ಲಿ ಕೆರೆದ್ರೆ ಪುಡಿ ಪುಡಿ ಉದುರ್ತು, ಇನ್ಸುಲೇಷನ್ ಒಳಗೂ ಒಂದು ಗೇಣು ಕಪ್ಪು. ಉಪ್ಪುನೀರು ವೈರಿನ ಎಳೆ ಎಳೆ ಹಿಡ್ಕೊಂಡು ಮೇಲೆ ಹತ್ತಿತ್ತು. ಮನೆ ವೈರಿಂಗಿನ 1.5 ಎಂಎಂ ವೈರು ಅದು, ಬೋಟಿಗಲ್ಲ. ತವರ ಲೇಪದ 6 ಎಂಎಂ ಎಳೆದು, ಲಗ್ ಕ್ರಿಂಪ್ ಮಾಡಿ, ಒಳಗೆ ಗಮ್ ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ) ಹಾಕಿ, ಬ್ಯಾಟರಿ ಹತ್ರಾನೇ ಫ್ಯೂಸ್ ಕೊಟ್ಟೆ. ಈಗ ಬಟನ್ ಒತ್ತಿದ್ರೆ ಕಾಲು ವೋಲ್ಟ್ ಬೀಳತ್ತೆ ಅಷ್ಟೆ.

ಆಮೇಲೆ ಎರಡನೇ ಬ್ಯಾಟರಿ. ಸ್ಟಾರ್ಟಿಗೆ ಬೇರೆ, ದೀಪ ಜಿಪಿಎಸ್ಸಿಗೆ ಬೇರೆ, ಮಧ್ಯದಲ್ಲಿ ಒಂದು ರಿಲೇ, ಅಂದ್ರೆ ತಾನಾಗೇ ಹಾಕಿ ತೆಗೆಯೋ ಸ್ವಿಚ್ಚು, ಇಂಜಿನ್ ಓಡಿ ವೋಲ್ಟೇಜ್ 13.3 ದಾಟಿದ್ರೆ ಎರಡನ್ನೂ ಸೇರಿಸತ್ತೆ, 12.8ಕ್ಕೆ ಇಳಿದ್ರೆ ಬಿಡಿಸತ್ತೆ. ರಾತ್ರಿ ಏನೇ ಮರೆತು ಉರಿಸಿದ್ರೂ ಸ್ಟಾರ್ಟ್ ಬ್ಯಾಟರಿ ಮುಟ್ಟೋಕಾಗಲ್ಲ. ವೈರ್‌ಲೆಸ್‌ಗೆ ಮಾತ್ರ ಒಂದು ಚೇಂಜ್ ಓವರ್ ಸ್ವಿಚ್, ಯಾವ ಬ್ಯಾಟರಿ ಉಳಿದಿದ್ರೂ ಮಾತಾಡ್ಬೇಕು ಅಂತ. ಲಿಥಿಯಂ ಹಾಕು ಅಂದ್ರು ಕೆಲವ್ರು, ಒಳ್ಳೇದೇ, ಆದ್ರೆ ಅದನ್ನ ನೇರ ಆಲ್ಟರ್ನೇಟರಿಗೆ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋದು) ಕೊಟ್ರೆ ಪೂರ್ತಿ ಕರೆಂಟು ಎಳೆದು ಆಲ್ಟರ್ನೇಟರ್ ಕಾದು ಸುಡಬಹುದು, ಮಧ್ಯದಲ್ಲಿ ಕರೆಂಟನ್ನ ಮಿತೀಲಿ ಇಡೋ ಡಿಸಿ ಟು ಡಿಸಿ ಚಾರ್ಜರ್ ಬೇಕು, ಈ ವರ್ಷ ಅಷ್ಟು ದುಡ್ಡಿಲ್ಲ.

ಆಗಸ್ಟ್ ಕೊನೆ

ಕ್ಯಾಬಿನ್ ಮೇಲೆ 100 ವ್ಯಾಟ್ ಸೋಲಾರ್ ಪ್ಯಾನೆಲ್ ಕೂರಿಸಿದೀನಿ. ಜುಲೈ ಮೋಡದಲ್ಲಿ ಮಧ್ಯಾಹ್ನಾನೂ 0.8 ಆಂಪ್ಸ್ ದಾಟ್ತಿರ್ಲಿಲ್ಲ, ಈಗ ಬಿಸಿಲು ಬಿದ್ರೆ 5. ಮಾಸ್ಟಿನ ನೆರಳು ಅಡ್ಡ ಬಿದ್ರೆ ಅರ್ಧಕ್ಕರ್ಧ ಹೋಗತ್ತೆ, ಹಗ್ಗದ ನೆರಳಿಗೂ ಮೀಟರಿನ ಮುಳ್ಳು ಅಲ್ಲಾಡತ್ತೆ.

ಹೋದ ವಾರ ಎರಡು ರಾತ್ರಿ ಹೊರಗಿದ್ರು. ಬೆಳಿಗ್ಗೆ ಲೋಡೆಲ್ಲ (ದೀಪ, ಜಿಪಿಎಸ್ಸು ಎಲ್ಲ) ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ವೋಲ್ಟೇಜ್ ಅಳೆ ಅಂದಿದ್ದೆ, ಲೋಡಲ್ಲಿ ನೋಡಿದ್ರೆ ಮೀಟರ್ ಸುಳ್ಳು ಹೇಳತ್ತೆ. ಅಣ್ಣ ಕಾಗದದಲ್ಲಿ ಬರ್ಕೊಂಡು ಬಂದಿದ್ದಾನೆ, ದೀಪದ ಬ್ಯಾಟರಿ ಮೊದ್ಲ ದಿನ 12.4, ಎರಡನೇ ದಿನ 12.3, ಸ್ಟಾರ್ಟ್ ಬ್ಯಾಟರಿ ಎರಡೂ ದಿನ 12.7. ಕೆಳಗೆ ಪೆನ್ಸಿಲಲ್ಲಿ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ಅಂತ. ಆ ಕಾಗದ ಜೋಪಾನವಾಗಿ ಇಟ್ಕೊಂಡಿದೀನಿ. ಪ್ಯಾನೆಲ್ಲಿನ ಒಂದು ಕ್ಲಾಂಪ್ ಆಗ್ಲೇ ತುಕ್ಕು ಹಿಡಿದಿದೆ, ಭಾನುವಾರ ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ 316 ಸ್ಟೈನ್‌ಲೆಸ್ ಬೋಲ್ಟ್ ತಂದು ನಾಲ್ಕೂ ಬದಲಾಯಿಸ್ಬೇಕು.