ಆಂಟಿಬಾಡಿ ಎಲ್ಲಿ ಕೂರುತ್ತದೆ? ಒಂದೇ ಸ್ಕೋರ್ ನಂಬಬೇಡಿ

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೆ ಬಯೊಇನ್ಫರ್ಮ್ಯಾಟಿಕ್ಸ್ ಓದಲು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಊರಿಗೂ ಈ ವಿಷಯಕ್ಕೂ ಹಳೆಯ ನಂಟಿದೆ. ಪ್ರೋಟೀನಿನ ಯಾವ ತುಣುಕನ್ನು ಆಂಟಿಬಾಡಿ ಹಿಡಿದೀತು ಎಂದು ಬರೀ ಅಮೈನೊ ಆಮ್ಲಗಳ ಸಾಲು ನೋಡಿ ಊಹಿಸುವ ಕೋಲಸ್ಕರ್–ಟೊಂಗಾಂವಕರ್ ವಿಧಾನ 1990ರಲ್ಲಿ ಪುಣೆ ವಿಶ್ವವಿದ್ಯಾಲಯದಿಂದಲೇ ಬಂತು. ಆದರೆ ಹೆಚ್ಚಿನ ಎಪಿಟೋಪ್‌ಗಳು (ಆಂಟಿಬಾಡಿ ಹಿಡಿಯುವ ಜಾಗಗಳು) ಸಾಲಿನಲ್ಲಿ ದೂರವಿದ್ದು, ಪ್ರೋಟೀನ್ ಮಡಿಚಿಕೊಂಡಾಗ ಪಕ್ಕಪಕ್ಕಕ್ಕೆ ಬಂದ ತುಣುಕುಗಳಿಂದಾದವು. ಅದಕ್ಕೆ ಮೂರು ಆಯಾಮದ ರಚನೆಯನ್ನೇ ನೋಡುವ ಸಿಇಪಿ ಸರ್ವರನ್ನು 2005ರಲ್ಲಿ ಅಲ್ಲಿಯವರೇ ಪ್ರಕಟಿಸಿದರು.

ಈಗ ಆಂಟಿಬಾಡಿ ಮತ್ತು ಅದು ಹಿಡಿಯುವ ಪ್ರೋಟೀನ್ (ಆಂಟಿಜೆನ್), ಎರಡರ ಸೀಕ್ವೆನ್ಸ್ ಕೊಟ್ಟರೆ, ಪ್ರೋಟೀನ್ ರಚನೆ ಊಹಿಸುವ ಎಐ ಮಾಡೆಲ್ ಆಲ್ಫಾಫೋಲ್ಡ್ 3 ಇಡೀ ಜೋಡಣೆಯನ್ನೇ ಬಿಡಿಸಿ ಕೊಡುತ್ತದೆ. ಚಿತ್ರ ಚೆಂದ ಬರುತ್ತದೆ, ಆದರೆ ಎಷ್ಟೋ ಸಲ ಜಾಗವೇ ತಪ್ಪಿರುತ್ತದೆ. ಲಕ್ಷಾಂತರ ವರ್ಷ ಜೊತೆಗೆ ಬಾಳಿದ ಎರಡು ಪ್ರೋಟೀನುಗಳಲ್ಲಿ ಒಂದು ಬದಲಾದರೆ ಇನ್ನೊಂದೂ ಹೊಂದಿಕೊಂಡಿರುತ್ತದೆ. ಇಂಥ ಮಾಡೆಲ್‌ಗಳಿಗೆ ದೊಡ್ಡ ಆಸರೆ ಆ ಗುರುತೇ. ಆಂಟಿಬಾಡಿಯಾದರೋ ಒಂದು ದೇಹದೊಳಗೆ ಕೆಲವು ವಾರಗಳಲ್ಲಿ ರೂಪುಗೊಂಡದ್ದು. ಆಂಟಿಜೆನ್ ಜೊತೆ ಅದಕ್ಕೆ ಅಂಥ ಒಡನಾಟವಿಲ್ಲ. ಮೇಲಾಗಿ, ಹಿಡಿಯುವ ಆರು ಲೂಪ್‌ಗಳಲ್ಲಿ ಐದು ಬಹುಮಟ್ಟಿಗೆ ಪರಿಚಿತ ಆಕಾರಗಳಲ್ಲೇ ಬಂದರೆ, ಆಂಟಿಬಾಡಿಯ ಹೆವಿ, ಲೈಟ್ ಎಂಬ ಎರಡು ಬಗೆಯ ಚೈನ್‌ಗಳಲ್ಲಿ ಹೆವಿ ಚೈನಿನ ಎಚ್3 ಲೂಪ್ ಮಾತ್ರ ಉದ್ದದಲ್ಲೂ ಬಾಗಿನಲ್ಲೂ ಯಾವ ಲೆಕ್ಕಕ್ಕೂ ಸಿಗದು. ಹಿಡಿತದ ಮುಖ್ಯ ಭಾಗವೂ ಸಾಮಾನ್ಯವಾಗಿ ಅದೇ.

ಮೊದಲನೆಯದಾಗಿ, ಮಾಡೆಲ್‌ಗೆ ಇಡೀ ಆಂಟಿಬಾಡಿಯನ್ನು ಹಾಕಬೇಡಿ. ಎರಡೂ ಚೈನ್‌ಗಳ ವೇರಿಯಬಲ್ ಭಾಗ (ಆಂಟಿಜೆನ್ ಹಿಡಿಯುವ ತುದಿ) ಸಾಕು, ಒಟ್ಟು ಸುಮಾರು 230 ಅಮೈನೊ ಆಮ್ಲ. ಆಂಟಿಜೆನ್ ದೊಡ್ಡದಾದರೆ ಕತ್ತರಿಸಿ, ಆದರೆ ಡೊಮೇನಿನ (ತಾನಾಗಿಯೇ ಮಡಿಚಿಕೊಳ್ಳುವ ಭಾಗದ) ಗಡಿಯಲ್ಲಿ ಮಾತ್ರ. ನಡುವೆ ಕತ್ತರಿಸಿದರೆ ಒಳಗಿರಬೇಕಾದ, ನೀರೊಲ್ಲದ ಮೈ ಹೊರಗೆ ತೆರೆದುಕೊಂಡು, ಆಂಟಿಬಾಡಿ ಅಲ್ಲಿಗೇ ಹೋಗಿ ಅಂಟುತ್ತದೆ. ಆಂಟಿಜೆನ್ ಮೇಲೆ ಸಕ್ಕರೆ ಸರಪಳಿಗಳಿದ್ದರೆ ಅವನ್ನೂ ಸೇರಿಸಿ. ಇಲ್ಲದಿದ್ದರೆ ಸಕ್ಕರೆ ಮುಚ್ಚಿರುವ ಜಾಗವನ್ನೂ ಮಾಡೆಲ್ ಖಾಲಿಯೆಂದೇ ತಿಳಿಯುತ್ತದೆ.

ಒಂದು ಸೀಡ್‌ಗೆ (ಲೆಕ್ಕ ಶುರುಮಾಡುವ ಯಾದೃಚ್ಛಿಕ ಸಂಖ್ಯೆ) ಐದು ಮಾಡೆಲ್, ಅಂದರೆ ಊಹಿಸಿದ ರಚನೆಗಳು, ಬರುತ್ತವೆ. ಕನಿಷ್ಠ 20 ಸೀಡ್ ಓಡಿಸಿ. 2024ರ ಆಲ್ಫಾಫೋಲ್ಡ್ 3 ಪ್ರಬಂಧದಲ್ಲಿ ಅದರ ಕರ್ತೃಗಳೇ ಆಂಟಿಬಾಡಿಗಳಿಗೆ 1000 ಸೀಡ್‌ವರೆಗೆ ಹೋಗಿದ್ದಾರೆ.

ಎಲ್ಲರೂ ಎಡವುವುದು ಸ್ಕೋರ್‌ನಲ್ಲಿ. ಮೇಲೆ ಕಾಣುವ ಐಪಿಟಿಎಂ (ಚೈನ್‌ಗಳು ಒಂದಕ್ಕೊಂದು ಕೂತ ರೀತಿಯ ಬಗ್ಗೆ ಮಾಡೆಲ್‌ಗಿರುವ ಭರವಸೆ, 0ಯಿಂದ 1ರವರೆಗೆ) ಇಡೀ ಜೋಡಣೆಯದು. ಹೆವಿ–ಲೈಟ್ ಚೈನ್‌ಗಳ ನಡುವಿನ ಜೋಡಣೆ ಹೆಚ್ಚುಕಡಿಮೆ ಯಾವಾಗಲೂ ಸರಿಯಾಗಿಯೇ ಬರುವುದರಿಂದ, ಆಂಟಿಜೆನ್ ಎಲ್ಲೋ ತಪ್ಪಾಗಿ ಕೂತಿದ್ದರೂ ಅಂಕ ಉಬ್ಬುತ್ತದೆ. ಫಲಿತಾಂಶದ ಫೈಲಿನಲ್ಲಿ ಚೈನ್ ಜೋಡಿವಾರು ಐಪಿಟಿಎಂ ಇರುತ್ತದೆ. ಹೆವಿ–ಆಂಟಿಜೆನ್, ಲೈಟ್–ಆಂಟಿಜೆನ್ ಅಂಕಗಳನ್ನಷ್ಟೇ ನೋಡಿ. 0.8 ದಾಟಿದರೆ ಭರವಸೆ ಇಡಬಹುದು, 0.6ಕ್ಕಿಂತ ಕೆಳಗಿದ್ದರೆ ತಪ್ಪೇ ಇರುವ ಸಾಧ್ಯತೆ ಹೆಚ್ಚು. ಈ ಅಂಕ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಹೇಳುವುದಿಲ್ಲ.

ಬಳಿಕ ಪ್ರತಿ ಮಾಡೆಲ್‌ನಲ್ಲೂ ಆಂಟಿಬಾಡಿಯಿಂದ 5 ಆಂಗ್‌ಸ್ಟ್ರಾಮ್ ಒಳಗೆ ಬರುವ ಆಂಟಿಜೆನ್ ಅಮೈನೊ ಆಮ್ಲಗಳನ್ನು ಪಟ್ಟಿ ಮಾಡಿ, ಪಟ್ಟಿಗಳು ಎಷ್ಟು ಹೊಂದುತ್ತವೆ ಎಂಬುದರ ಮೇಲೆ ಗುಂಪು ಕಟ್ಟಿ. ಬೇರೆ ಬೇರೆ ಸೀಡ್‌ಗಳು ಒಂದೇ ಜಾಗಕ್ಕೆ ಬಂದರೆ ಒಳ್ಳೆಯ ಲಕ್ಷಣ. ಇದೇ ಆಂಟಿಜೆನ್‌ಗೆ ಸಂಬಂಧವೇ ಇಲ್ಲದ ಆಂಟಿಬಾಡಿಯೊಂದನ್ನೂ ಕೊಟ್ಟು ಓಡಿಸಿ. ಅದೂ ಅಲ್ಲೇ ಕೂತು ಅಷ್ಟೇ ಅಂಕ ಪಡೆದರೆ ಮೊದಲಿನ ಫಲಿತಾಂಶಕ್ಕೆ ಬೆಲೆಯಿಲ್ಲ. ವಿಧಾನವನ್ನು ಪರೀಕ್ಷಿಸಲು ಕೋಳಿಮೊಟ್ಟೆಯ ಲೈಸೋಜೈಮ್–ಡಿ1.3 ಆಂಟಿಬಾಡಿ ಜೋಡಿ ಬಳಸಬೇಡಿ: ಅದರ ರಚನೆ 1986ರದು, ಮಾಡೆಲ್‌ಗೆ ಬಾಯಿಪಾಠ. ತರಬೇತಿಯಲ್ಲಿ ಅದು ನೋಡಿರದ, 2021ರ ಸೆಪ್ಟೆಂಬರ್ ನಂತರ ಬಿಡುಗಡೆಯಾದ ರಚನೆಗಳನ್ನೇ ಆರಿಸಿ.

ಕಂಪನಿಯಲ್ಲಿ ಕೆಲಸಕ್ಕಿರುವವರು ಆಲ್ಫಾಫೋಲ್ಡ್ 3ರ ಪರವಾನಗಿ ವಾಣಿಜ್ಯ ಬಳಕೆಗಲ್ಲ ಎಂಬುದನ್ನು ಮರೆಯಬಾರದು. ಅಂಥದೇ ಕೆಲಸ ಮಾಡುವ ಬೋಲ್ಟ್ಸ್ ಮಾಡೆಲ್‌ಗೆ ಆ ಕಟ್ಟಿಲ್ಲ.

ಎರಡು ಗುಂಪು ಉಳಿದರೆ, ಒಂದರಲ್ಲಿ ಮಾತ್ರ ಹಿಡಿತಕ್ಕೆ ಸಿಗುವ ಐದಾರು ಅಮೈನೊ ಆಮ್ಲಗಳನ್ನು ಆರಿಸಿ, ಒಂದೊಂದನ್ನೇ ಅಲನೀನ್‌ಗೆ ಬದಲಿಸಿ ಪ್ರಯೋಗಾಲಯದಲ್ಲಿ ಅಳೆಯಿರಿ. ಆ ಮಾಹಿತಿಯನ್ನು ಹ್ಯಾಡಕ್ ಎಂಬ ತಂತ್ರಾಂಶಕ್ಕೆ ನಿರ್ಬಂಧವಾಗಿ ಕೊಟ್ಟು ಮತ್ತೆ ಡಾಕ್ ಮಾಡಬಹುದು, ಅಂದರೆ ಎರಡು ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಬಹುದು. ಒಂದು ಎಚ್ಚರ: ಬದಲಾವಣೆಯಿಂದ ಪ್ರೋಟೀನಿನ ಮಡಿಕೆಯೇ ಕೆಟ್ಟರೂ ಹಿಡಿತ ತಪ್ಪುತ್ತದೆ. ಬೇರೆ ಎಪಿಟೋಪ್ ಹಿಡಿಯುವ, ಮಡಿಕೆ ಸರಿಯಿದ್ದರಷ್ಟೇ ಅಂಟುವ ಇನ್ನೊಂದು ಆಂಟಿಬಾಡಿಯನ್ನು ಅದೇ ಮ್ಯೂಟೆಂಟ್ ಮೇಲೆ ಪರೀಕ್ಷಿಸಿ, ಅದು ಮೊದಲಿನಂತೆಯೇ ಅಂಟಿದ ಮೇಲಷ್ಟೇ ಆ ಅಮೈನೊ ಆಮ್ಲವನ್ನು ಎಪಿಟೋಪ್ ಪಟ್ಟಿಗೆ ಸೇರಿಸಿ.